ಲೋಹ ಆರಿಸುವ ಮೊದಲು ಅದರ ಕೆಲಸ ಯಾವುದೆಂದು ಕೇಳಿ: ಇ-ಸಿಗರೇಟ್ ಸಾಧನದಲ್ಲಿ ವಾಹಕತೆ ಮತ್ತು ಬಾಳಿಕೆ

ಪ್ರಶ್ನೆ: ನಾನು ಲೇತ್ ಕೆಲಸ ಬಲ್ಲವನು. ಸರ್ಕ್ಯೂಟ್ ಇಲ್ಲದ, 18650 ಎಂಬ ಅಳತೆಯ ಒಂದೇ ಒಂದು ಲಿಥಿಯಂ ಬ್ಯಾಟರಿಯಿಂದ ನಡೆಯುವ ಕೊಳವೆಯಾಕಾರದ ಇ-ಸಿಗರೇಟ್ ಸಾಧನವನ್ನು ತಯಾರಿಸುತ್ತಿದ್ದೇನೆ. ಮೊದಲ ಮಾದರಿಯನ್ನು ಪೂರ್ತಿಯಾಗಿ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿದೆ. 0.2 ಓಮ್ ಕಾಯಿಲ್ (ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಯ ಸುರುಳಿ) ಹಾಕಿದರೆ ಅದು ಮಂದವಾಗಿ ಕೆಲಸ ಮಾಡುತ್ತದೆ, ಗುಂಡಿಯ ಬಳಿ ಕೈ ಸುಡುವಷ್ಟು ಬಿಸಿಯಾಗುತ್ತದೆ. ಕೊಳವೆಯನ್ನು ತಾಮ್ರಕ್ಕೆ ಬದಲಿಸಿ, ಮೇಲೆ ಬೆಳ್ಳಿಯ ಲೇಪನ ಮಾಡಿಸಿದರೆ ಸರಿಹೋಗುವುದೇ? ತಾಮ್ರ ಬೇಗ ಸವೆಯುವುದಿಲ್ಲವೇ? ದ್ರವ ಮತ್ತು ಆವಿ ತಾಗುವ ಭಾಗಗಳಿಗೆ ಯಾವ ಲೋಹ ತಕ್ಕದ್ದು?

ಉತ್ತರ: ಕೊಳವೆಯ ಲೋಹವನ್ನು ದೂರುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಈ ಲೆಕ್ಕ ಹಾಕದೆ ಇಡೀ ಸಾಧನವನ್ನು ತಾಮ್ರದಲ್ಲಿ ಕಡೆದವರು ಹಲವರಿದ್ದಾರೆ. ಅವರಿಗೆ ಕೊನೆಗೆ ದಕ್ಕಿದ್ದು ಹೆಚ್ಚು ತೂಕದ, ಮೊದಲಿನಷ್ಟೇ ಮಂದವಾದ ಸಾಧನ. ಕೋಣೆಯ ಉಷ್ಣತೆಯಲ್ಲಿ ಬೆಳ್ಳಿಯ ರೋಧಶೀಲತೆ (ಕರೆಂಟಿಗೆ ಲೋಹ ಒಡ್ಡುವ ಅಡ್ಡಿಯ ಅಳತೆ) ಸುಮಾರು 1.6 ಮೈಕ್ರೋಓಮ್-ಸೆಂಟಿಮೀಟರ್, ತಾಮ್ರದ್ದು 1.7, ಚಿನ್ನದ್ದು 2.4, ಅಲ್ಯೂಮಿನಿಯಂನದ್ದು 2.7, ಸಾಮಾನ್ಯ ಹಿತ್ತಾಳೆಯದ್ದು 6.5ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲ್‌ನದ್ದು 72ರಿಂದ 74. ಅಂದರೆ ಸ್ಟೀಲ್ ತಾಮ್ರಕ್ಕಿಂತ 40 ಪಟ್ಟಿಗೂ ಹೆಚ್ಚು ರೋಧ ಒಡ್ಡುವ ಲೋಹ. ಈ ಅಂಕಿ ಕಣ್ಣಿಗೆ ಬಿದ್ದ ಕೂಡಲೇ ತಾಮ್ರವೇ ಬೇಕು ಎನ್ನಿಸುವುದು ಸಹಜ. ಆದರೆ ಒಳವ್ಯಾಸ 19, ಹೊರವ್ಯಾಸ 22, ಉದ್ದ 70 ಮಿಲಿಮೀಟರ್ ಇರುವ ಕೊಳವೆಯಲ್ಲಿ ಕರೆಂಟ್ ಹರಿಯಲು ಸುಮಾರು 97 ಚದರ ಮಿಲಿಮೀಟರ್‌ನಷ್ಟು ದಪ್ಪವಾದ ದಾರಿಯಿದೆ. ಆ ಕೊಳವೆ ತಾಮ್ರದ್ದಾದರೆ ಅದರ ಒಟ್ಟು ರೋಧ 0.012 ಮಿಲಿಓಮ್, ಸ್ಟೀಲ್‌ನದ್ದಾದರೆ 0.52 ಮಿಲಿಓಮ್. 20 ಆಂಪಿಯರ್ ಹರಿದಾಗ ಸ್ಟೀಲ್ ಕೊಳವೆಯಲ್ಲಿ ಕಳೆದುಹೋಗುವುದು ಸುಮಾರು 10 ಮಿಲಿವೋಲ್ಟ್ ಮಾತ್ರ. ಬ್ಯಾಟರಿಯ ಒಳರೋಧವೇ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ನಿಮ್ಮ ಸಾಧನವನ್ನು ಮಂದಗೊಳಿಸಿದ್ದು ಈ 10 ಮಿಲಿವೋಲ್ಟ್ ಅಲ್ಲ.

ಹಾಗಿದ್ದರೆ ಶಕ್ತಿ ಎಲ್ಲಿ ಸೋರುತ್ತಿದೆ? ಒಂದು ಲೋಹ ಇನ್ನೊಂದನ್ನು ಮುಟ್ಟುವ ಜಾಗಗಳಲ್ಲಿ. ಕಣ್ಣಿಗೆ ಕನ್ನಡಿಯಂತೆ ನುಣುಪಾಗಿ ಕಾಣುವ ಎರಡು ಮುಖಗಳನ್ನು ಒಂದಕ್ಕೊಂದು ಒತ್ತಿದಾಗಲೂ ಅವು ನಿಜವಾಗಿ ಮುಟ್ಟುವುದು ಕೆಲವೇ ಸೂಕ್ಷ್ಮ ಉಬ್ಬುಗಳ ತುದಿಯಲ್ಲಿ. ಹರಿಯುವ ಕರೆಂಟ್ ಎಲ್ಲವೂ ಆ ಕಿರಿದಾದ ಕಂಡಿಗಳ ಮೂಲಕವೇ ನುಸುಳಬೇಕು. ಸ್ವೀಡನ್ ಮೂಲದ ರಾಗ್ನಾರ್ ಹೋಮ್ 20ನೇ ಶತಮಾನದ ಮೊದಲಾರ್ಧದಲ್ಲಿ ಈ ವಿಷಯವನ್ನೇ ಜೀವಮಾನದ ಕೆಲಸವಾಗಿ ಹಿಡಿದು ಕಂಡುಕೊಂಡ ಸಂಬಂಧ ಇಂದಿಗೂ ನಮ್ಮ ಲೆಕ್ಕಗಳಿಗೆ ಅಡಿಪಾಯ: ಒತ್ತುವ ಬಲ ಹೆಚ್ಚಿದಷ್ಟೂ ಮತ್ತು ಲೋಹ ಮೆದುವಾದಷ್ಟೂ ನಿಜವಾದ ಸ್ಪರ್ಶದ ಕ್ಷೇತ್ರ ಹಿಗ್ಗುತ್ತದೆ, ರೋಧ ಇಳಿಯುತ್ತದೆ. ಹೆಬ್ಬೆರಳಿನಿಂದ ಗುಂಡಿ ಒತ್ತುವ ಬಲವನ್ನು 10 ನ್ಯೂಟನ್, ಅಂದರೆ ಸುಮಾರು ಒಂದು ಕಿಲೋ ತೂಕದಷ್ಟು ಎಂದು ಹಿಡಿದು ಆ ಸೂತ್ರಕ್ಕೆ ಹಾಕಿದರೆ, ಶುದ್ಧವಾದ ತಾಮ್ರ ತಾಮ್ರವನ್ನು ಮುಟ್ಟುವಲ್ಲಿ ಸುಮಾರು 0.15 ಮಿಲಿಓಮ್ ಬರುತ್ತದೆ. ಸ್ಟೀಲ್ ಸ್ಟೀಲನ್ನು ಮುಟ್ಟುವಲ್ಲಿ ಸುಮಾರು 9 ಮಿಲಿಓಮ್. 20 ಆಂಪಿಯರ್‌ಗೆ 9 ಮಿಲಿಓಮ್ ಎಂದರೆ 180 ಮಿಲಿವೋಲ್ಟ್ ನಷ್ಟ ಮತ್ತು ಸಾಸಿವೆ ಕಾಳಿಗಿಂತ ಚಿಕ್ಕ ಜಾಗದಲ್ಲಿ 3.6 ವಾಟ್ ಕಾವು. ಇದು ಮುಖಗಳು ಪೂರ್ತಿ ಶುದ್ಧವಾಗಿದ್ದಾಗಿನ ಮಾತು. ಸ್ಟೀಲ್‌ನ ಮೇಲೆ ಸದಾ ಇರುವ ಕ್ರೋಮಿಯಂ ಆಕ್ಸೈಡಿನ ತೆಳುಪೊರೆಯನ್ನು, ಬೆರಳಿನ ಜಿಡ್ಡನ್ನು, ಸೋರಿ ಒಣಗಿದ ದ್ರವವನ್ನು ಸೇರಿಸಿದರೆ ನಷ್ಟ ಇನ್ನೂ ಏರುತ್ತದೆ.

ಆದ್ದರಿಂದ ಇಡೀ ಸಾಧನಕ್ಕೆ ಒಂದೇ ಲೋಹ ಹುಡುಕಬೇಡಿ. ಒಂದೊಂದು ಭಾಗವನ್ನೂ ಕೈಗೆತ್ತಿಕೊಂಡು ಅದರ ಕೆಲಸವೇನೆಂದು ಕೇಳಿ. ಕೊಳವೆ ಬಲವಾಗಿರಬೇಕು. ಕರೆಂಟ್ ದಾಟಿಸುವ ಮುಖಗಳು ಮೆದುವಾಗಿ, ಶುದ್ಧವಾಗಿ ಇರಬೇಕು. ಕಾಯಿಲ್ ಬೇಕೆಂದೇ ರೋಧ ಒಡ್ಡಬೇಕು. ದ್ರವ ತಾಗುವ ಭಾಗ ತನ್ನೊಳಗಿನ ಏನನ್ನೂ ಬಿಟ್ಟುಕೊಡಬಾರದು. ಈ ನಾಲ್ಕನ್ನೂ ಒಟ್ಟಿಗೆ ಈಡೇರಿಸುವ ಲೋಹ ಇಲ್ಲ.

ನೀವು ಹೇಳಿದ ಗುಂಡಿಯ ಬಿಸಿಗೆ ಬರೋಣ. ಗುಂಡಿಯ ಕೆಳಗಿನ ಸ್ಪ್ರಿಂಗನ್ನು ಬಿಚ್ಚಿ ನೋಡಿ. ಅದರ ಬಣ್ಣ ಮಾಸಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 0.6 ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿಯ ಸ್ಪ್ರಿಂಗನ್ನು ಬಿಡಿಸಿ ಎಳೆದರೆ ಸುಮಾರು 80 ಮಿಲಿಮೀಟರ್ ಉದ್ದವಾಗುತ್ತದೆ ಎಂದುಕೊಳ್ಳಿ. ಅಷ್ಟು ಉದ್ದದ ಆ ತಂತಿಯ ರೋಧ ಸುಮಾರು 200 ಮಿಲಿಓಮ್, ಅಂದರೆ 0.2 ಓಮ್. ನಿಮ್ಮ ಕಾಯಿಲ್‌ನಷ್ಟೇ! ಗುಂಡಿಯಿಂದ ಕೊಳವೆಗೆ ಕರೆಂಟ್ ಸಾಗಲು ಸ್ಪ್ರಿಂಗ್ ಒಂದೇ ದಾರಿಯಾಗಿದ್ದರೆ ಬ್ಯಾಟರಿಯ ಪಾಲಿಗೆ ಎರಡು ಕಾಯಿಲ್‌ಗಳು ಸಾಲಾಗಿ ಜೋಡಿಸಿದಂತೆ. 4 ವೋಲ್ಟ್‌ನಲ್ಲಿ 10 ಆಂಪಿಯರ್ ಮಾತ್ರ ಹರಿಯುತ್ತದೆ, ಕಾಯಿಲ್‌ನಲ್ಲಿ 20 ವಾಟ್, ಗುಂಡಿಯ ಬಳಿ ಇನ್ನೊಂದು 20 ವಾಟ್. ಮಂದವಾಗುವುದಕ್ಕೂ ಕೈ ಸುಡುವುದಕ್ಕೂ ಕಾರಣ ಒಂದೇ.

ಇಂಥ ಸಾಧನವೊಂದು ಒಮ್ಮೆ ನನ್ನ ಕೆಲಸದ ಮೇಜಿಗೆ ಬಂದಿತ್ತು. ಸ್ಪ್ರಿಂಗಿನ ಮೇಲಿನ ಎರಡು ಸುತ್ತು ಹುಲ್ಲುಹಳದಿಗೆ ತಿರುಗಿತ್ತು, ನಡುವಿನ ಸುತ್ತುಗಳು ನೀಲಿಗಟ್ಟಿದ್ದವು, ಉದ್ದ ಮೊದಲಿನ ಅರ್ಧಕ್ಕೆ ಕುಸಿದು ಗುಂಡಿ ಹೊರಗೆ ಬರುವುದನ್ನೇ ಬಿಟ್ಟಿತ್ತು. ಕಾದ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಆಮೇಲೆ ಗುಂಡಿ ಒತ್ತಿದಂತೆಯೇ ಉಳಿಯುತ್ತದೆ, ರಕ್ಷಣಾ ಸರ್ಕ್ಯೂಟ್ ಇಲ್ಲದ ಸಾಧನದಲ್ಲಿ ಬ್ಯಾಟರಿ ಬರಿದಾಗುವವರೆಗೆ ಅಥವಾ ಉಕ್ಕಿ ಅನಿಲ ಕಾರುವವರೆಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಹಾಗಾಗಿ ಇದನ್ನು ಕೇವಲ ದಕ್ಷತೆಯ ಮಾತು ಎಂದು ತಿಳಿಯದೆ ಸುರಕ್ಷತೆಯ ಮೊದಲ ಮಾತು ಎಂದೇ ತೆಗೆದುಕೊಳ್ಳಿ. ಬೆರಿಲಿಯಂ ತಾಮ್ರದ ಸ್ಪ್ರಿಂಗ್ ಹಾಕಿದರೆ ರೋಧ ಹತ್ತನೆಯ ಒಂದಕ್ಕೆ, ಸುಮಾರು 20 ಮಿಲಿಓಮ್‌ಗೆ ಇಳಿಯುತ್ತದೆ. ಆದರೂ 20 ಆಂಪಿಯರ್‌ನಲ್ಲಿ ಅದು 8 ವಾಟ್ ಕಾಯುತ್ತದೆ. ಸರಿಯಾದ ಪರಿಹಾರ ಲೋಹದ ಬದಲಾವಣೆಯಲ್ಲಿಲ್ಲ, ವಿನ್ಯಾಸದಲ್ಲಿದೆ: ಸ್ಪ್ರಿಂಗ್ ದೂಡುವ ಕೆಲಸ ಮಾತ್ರ ಮಾಡಲಿ. ಗುಂಡಿ ಒತ್ತಿದಾಗ ಅದರ ಅಗಲವಾದ ಅಂಚು ತಳದ ಮುಚ್ಚಳದ ಒಳಗೆ ಕಡೆದ ಮೆಟ್ಟಿಲಿನ ಮೇಲೆ ಕೂರುವಂತೆ ಮಾಡಿ, ಅಥವಾ ಗುಂಡಿಯಿಂದ ಮುಚ್ಚಳಕ್ಕೆ ಹೆಣೆದ ತಾಮ್ರದ ತಂತಿಯ ತುಂಡೊಂದನ್ನು ಜೋಡಿಸಿ. ಸ್ಪ್ರಿಂಗಿನ ಎರಡೂ ತುದಿಗೆ ನಿರೋಧಕ ಬಿಲ್ಲೆ ಇಟ್ಟರೆ ಕರೆಂಟ್ ಅದರೊಳಗೆ ಇಣುಕುವುದೇ ಇಲ್ಲ. ಸ್ಪ್ರಿಂಗಿನ ಬದಲು ಒಂದನ್ನೊಂದು ದೂರ ತಳ್ಳುವ ನಿಯೋಡಿಮಿಯಂ ಅಯಸ್ಕಾಂತಗಳನ್ನು ಬಳಸುವುದೂ ಒಳ್ಳೆಯ ದಾರಿಯೇ, ಆದರೆ ಸಾಮಾನ್ಯ ದರ್ಜೆಯ ಆ ಅಯಸ್ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತವೆ.

ಈಗ ಸಂಪರ್ಕದ ಮುಖಗಳು. ಒಂದು ಸಾಧನದಲ್ಲಿ ಇವು ಎರಡು ಬಗೆಯವು ಎಂಬುದನ್ನು ಗಮನಿಸಿ. ತಿರುಗಿಸಿ ಬಿಗಿಮಾಡುವ ಥ್ರೆಡ್‌ನಲ್ಲಿ ನೂರಾರು ನ್ಯೂಟನ್ ಬಲ ಬೀಳುತ್ತದೆ, ಆದ್ದರಿಂದ ಸ್ಟೀಲ್ ಥ್ರೆಡ್ ಕೂಡ ಒರೆಸಿ ಬಿಗಿಮಾಡಿದರೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಗುಂಡಿಯಲ್ಲಿ ಬೀಳುವುದು ಹೆಬ್ಬೆರಳಿನ ಬಲ ಮಾತ್ರ. ಮೇಲಾಗಿ ಅಲ್ಲಿ ಹರಿಯುತ್ತಿರುವ ಕರೆಂಟನ್ನು ಪ್ರತಿ ಸಲವೂ ಕಡಿಯುತ್ತೇವೆ. ಗುಂಡಿ ಬಿಡುವ ಕ್ಷಣದಲ್ಲಿ ಕೊನೆಯದಾಗಿ ಮುಟ್ಟಿಕೊಂಡಿರುವ ಒಂದು ಬಿಂದುವಿನ ಮೂಲಕ ಪೂರ್ತಿ ಕರೆಂಟ್ ಹರಿದು ಆ ಬಿಂದು ಕರಗಿ ಹರಿದುಹೋಗುತ್ತದೆ. ದಿನಕ್ಕೆ ನೂರಾರು ಸಲ ಹೀಗಾದರೆ ಸಣ್ಣ ಸಣ್ಣ ಕರಿ ಗುಳಿಗಳು ಬೀಳುತ್ತವೆ. ಚಿನ್ನದ ಲೇಪನ ಎಷ್ಟೇ ಹೊಳೆದರೂ ಬಹಳ ಸಲ ಅದರ ದಪ್ಪ ಒಂದು ಮೈಕ್ರಾನ್‌ನ ಹತ್ತನೆಯ ಒಂದು ಭಾಗದಷ್ಟೂ ಇರುವುದಿಲ್ಲ, ಹಾಗಾಗಿ ಗುಂಡಿಯ ಮುಖದಲ್ಲಿ ಅದು ಉಳಿಯುವುದಿಲ್ಲ. ಅಲ್ಲಿಗೆ ನನ್ನ ಆಯ್ಕೆ ಗಟ್ಟಿ ಬೆಳ್ಳಿಯ ಬಿಲ್ಲೆ, ಇಲ್ಲವೇ ಬಿಚ್ಚಿ ಬದಲಿಸಬಹುದಾದ ಗಟ್ಟಿ ತಾಮ್ರದ ತಿರುಪು. ರಿಲೇ ಎಂಬ ವಿದ್ಯುತ್ ಸ್ವಿಚ್‌ಗಳ ಒಳಗೆ ಬೆಳ್ಳಿ ಮತ್ತು ಬೆಳ್ಳಿಯ ಮಿಶ್ರಲೋಹಗಳನ್ನು ಬಳಸುವುದು ಇದೇ ಕಾರಣಕ್ಕೆ. ಬೆಳ್ಳಿ ಗಂಧಕದಿಂದ ಕಪ್ಪಾಗುತ್ತದೆ ನಿಜ, ಆದರೆ ಆ ಪೊರೆ ಮೆದು. ಒತ್ತಿ ಉಜ್ಜುವ ಸಂಪರ್ಕದಲ್ಲಿ ತಾನೇ ಒರೆಸಿಹೋಗುತ್ತದೆ. ಚಿನ್ನ ತಕ್ಕ ಜಾಗದಲ್ಲಿ ಕುಳಿತರೆ ಅದಕ್ಕೆ ಸಾಟಿಯಿಲ್ಲ, ಆ ಜಾಗ 510 ಜೋಡಣೆಯ (ಕಾಯಿಲ್ ಇರುವ ಮೇಲ್ಭಾಗವನ್ನು ಸಾಧನಕ್ಕೆ ತಿರುಗಿಸಿ ಕೂರಿಸುವ ಥ್ರೆಡ್) ನಡುವಿನ ಪಿನ್: ಅಲ್ಲಿ ಕರೆಂಟ್ ಕಡಿಯುವುದಿಲ್ಲ, ದ್ರವ ಜಿನುಗುತ್ತಿರುತ್ತದೆ, ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಲೇಪನ ಮಾಡಿಸುವಾಗ ಕೆಳಗೆ ನಿಕಲ್‌ನ ಪದರ ಇದೆಯೇ ಎಂದು ಕೇಳಿ. ಅದಿಲ್ಲದಿದ್ದರೆ ತಾಮ್ರ ಕ್ರಮೇಣ ಚಿನ್ನದೊಳಗೆ ಮೇಲೇರಿ ಮುಖಕ್ಕೆ ಬಂದು ಅಲ್ಲಿ ಆಕ್ಸೈಡ್ ಆಗುತ್ತದೆ.

ಇಡೀ ಕೊಳವೆಗೆ ಬೆಳ್ಳಿ ಲೇಪಿಸುವ ನಿಮ್ಮ ಯೋಚನೆಯನ್ನು ಬಿಟ್ಟುಬಿಡಿ. 1.5 ಮಿಲಿಮೀಟರ್ ಗೋಡೆಯ ಮೇಲೆ 5 ಮೈಕ್ರಾನ್ ಬೆಳ್ಳಿ ಎಂದರೆ ದಪ್ಪದ ಮುನ್ನೂರನೆಯ ಒಂದು ಭಾಗ. ಬ್ಯಾಟರಿಯಿಂದ ಬರುವುದು ನೇರ ವಿದ್ಯುತ್ತು. ಹೆಚ್ಚು ಆವರ್ತನದ ವಿದ್ಯುತ್ತಿನಂತೆ ಅದು ಮೇಲ್ಮೈಯಲ್ಲಿ ಮಾತ್ರ ಹರಿಯದೆ ಗೋಡೆಯ ಪೂರ್ತಿ ದಪ್ಪದಲ್ಲಿ ಹರಡಿಕೊಳ್ಳುತ್ತದೆ. ತಾಮ್ರದ ಕೊಳವೆಗೆ ಈ ಲೇಪನದಿಂದ ಅಳೆಯುವಷ್ಟು ಲಾಭವೂ ಇಲ್ಲ. ಥ್ರೆಡ್ ಮತ್ತು ಅಂಚಿನ ಮುಖಗಳಿಗೆ ಮಾತ್ರ ಲೇಪಿಸಿದರೆ ಆ ಹಣ ಸಾರ್ಥಕ.

ಬಾಳಿಕೆಯ ವಿಚಾರದಲ್ಲಿ ನಿಮ್ಮ ಆತಂಕ ನ್ಯಾಯವಾದದ್ದೇ. ಶುದ್ಧ ತಾಮ್ರ ಮೆದು, ಲೇತ್‌ನ ಉಳಿಗೆ ಅಂಟಿಕೊಳ್ಳುತ್ತದೆ, ಸಣ್ಣ ಥ್ರೆಡ್‌ನ ಏಣು ಬಿದ್ದ ಏಟಿಗೆ ಮಡಚಿಕೊಳ್ಳುತ್ತದೆ. 510 ಜೋಡಣೆಯ ಥ್ರೆಡ್ 7 ಮಿಲಿಮೀಟರ್ ವ್ಯಾಸ, 0.5 ಮಿಲಿಮೀಟರ್ ಅಂತರದ್ದು. ಅಷ್ಟು ನವುರಾದ ಥ್ರೆಡ್ಡನ್ನು ಶುದ್ಧ ತಾಮ್ರದಲ್ಲಿ ಕಡೆದರೆ ಕೆಲವು ತಿಂಗಳ ಬಳಕೆಗೆ ಅದು ಸಡಿಲವಾಗುತ್ತದೆ. ಇಲ್ಲಿ ಟೆಲುರಿಯಂ ತಾಮ್ರ ಎಂಬ ಮಿಶ್ರಲೋಹ ನೆನಪಿಡಿ: ಅರ್ಧ ಶೇಕಡದ ಆಸುಪಾಸು ಟೆಲುರಿಯಂ ಬೆರೆತ ಈ ತಾಮ್ರ ಶುದ್ಧ ತಾಮ್ರದ ಶೇಕಡ 90ರಷ್ಟು ವಾಹಕತೆ ಉಳಿಸಿಕೊಂಡು ಹೆಚ್ಚುಕಡಿಮೆ ಹಿತ್ತಾಳೆಯಷ್ಟೇ ಸಲೀಸಾಗಿ ಚೂರುಚೂರಾಗಿ ಕಡೆಯಲು ಬರುತ್ತದೆ. ಒಳಗಿನ ಪಿನ್ನುಗಳಿಗೆ, ಗುಂಡಿಯ ದಂಡಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಥ್ರೆಡ್ ಇರುವ ಮುಚ್ಚಳಗಳಿಗೆ ಹಿತ್ತಾಳೆ ತಕ್ಕದ್ದು. ಅದರ ವಾಹಕತೆ ತಾಮ್ರದ ಕಾಲು ಭಾಗವಾದರೂ ಅಷ್ಟು ದಪ್ಪದ ಭಾಗದಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ಅದು ಸ್ಟೀಲ್ ಥ್ರೆಡ್‌ನ ಜೊತೆ ಹೊಂದಿಕೊಂಡು ತಿರುಗುತ್ತದೆ.

ಸ್ಟೀಲ್ ಥ್ರೆಡ್‌ಗೆ ಸ್ಟೀಲ್ ಥ್ರೆಡ್ಡನ್ನೇ ಜೋಡಿಸಿದರೆ ಕಚ್ಚಿಕೊಳ್ಳುವ ಭಯ ಸದಾ ಇರುತ್ತದೆ. ತಿರುಗಿಸುವಾಗ ಎರಡೂ ಕಡೆಯ ಆಕ್ಸೈಡ್ ಪೊರೆ ಉಜ್ಜಿಹೋಗಿ, ಬರಿಯ ಲೋಹ ಬರಿಯ ಲೋಹಕ್ಕೆ ತಾಗಿ, ಶಾಖವಿಲ್ಲದೆಯೇ ಬೆಸೆದುಕೊಳ್ಳುತ್ತದೆ; ಬಿಡಿಸಲು ಬಲ ಹಾಕಿದಷ್ಟೂ ಹರಿಯುವುದು ಥ್ರೆಡ್ಡೇ. ಟೈಟಾನಿಯಂಗೂ ಇದೇ ದೋಷವಿದೆ. ಎರಡು ಕಡೆ ಎರಡು ಬೇರೆ ಲೋಹ ಅಥವಾ ಎರಡು ಬೇರೆ ಗಡಸುತನ ಇಟ್ಟರೆ ಈ ಕಾಟ ಬಹುತೇಕ ತಪ್ಪುತ್ತದೆ. ಅಲ್ಯೂಮಿನಿಯಂ ಹಗುರ, ಅದರ ವಾಹಕತೆಯೂ ಚೆನ್ನಾಗಿದೆ, ಆದರೆ ಗಾಳಿಗೆ ಒಡ್ಡಿದ ಕೂಡಲೇ ಅದರ ಮೇಲೆ ಕಟ್ಟುವ ಆಕ್ಸೈಡ್ ಅಪ್ಪಟ ನಿರೋಧಕ, ಬಣ್ಣ ಹಾಕಲು ಬೆಳೆಸುವ ಆನೋಡೈಸ್ ಪದರ ಇನ್ನೂ ದಪ್ಪ. ಸಾಲದ್ದಕ್ಕೆ, ಇ-ಸಿಗರೇಟ್ ದ್ರವದಲ್ಲಿರುವ, ತೇವ ಹೀರುವ ಗುಣವುಳ್ಳ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಥ್ರೆಡ್‌ನೊಳಗೆ ಜಿನುಗಿದಲ್ಲಿ, ತಾಮ್ರ ಅಥವಾ ಹಿತ್ತಾಳೆಯನ್ನು ಮುಟ್ಟಿರುವ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತ ಹೋಗುತ್ತದೆ. ಸರ್ಕ್ಯೂಟ್ ಇರುವ, ಹೊರಕವಚದಲ್ಲಿ ಕರೆಂಟ್ ಹರಿಯದ ಸಾಧನಗಳಿಗೆ ಅದು ಒಳ್ಳೆಯ ಆಯ್ಕೆ. ನಿಮ್ಮ ಸಾಧನಕ್ಕೆ ಬೇಡ. ಕೊಳವೆಗೆ ನೀವು ಈಗಾಗಲೇ ಬಳಸಿರುವ ಸ್ಟೀಲನ್ನೇ ಧಾರಾಳವಾಗಿ ಉಳಿಸಿಕೊಳ್ಳಿ. ಬಿದ್ದರೆ ನುಜ್ಜಾಗುವುದಿಲ್ಲ, ಬೆವರಿಗೆ ಕಿಲುಬು ಹಿಡಿಯುವುದಿಲ್ಲ. ಕೊಳವೆಯಲ್ಲಿ ಅನಿಲ ಹೊರಹೋಗುವ ರಂಧ್ರಗಳನ್ನು ಕೊರೆಯಲು ಮಾತ್ರ ಮರೆಯಬೇಡಿ.

ದ್ರವ ಮತ್ತು ಆವಿ ತಾಗುವ ಭಾಗಗಳಿಗೆ ಬಂದಾಗ ವಾಹಕತೆಯ ಅಂಕಿಗಳನ್ನು ಬದಿಗಿಡಿ. ಲೇತ್ ಕೆಲಸದವರಿಗೆ ಪ್ರಿಯವಾದ, ಸಲೀಸಾಗಿ ಕಡೆಯಲು ಬರುವ ಸಿ360 ಹಿತ್ತಾಳೆಯಲ್ಲಿ ಶೇಕಡ 3ರ ಆಸುಪಾಸು ಸೀಸ ಇರುತ್ತದೆ. ಆ ಸೀಸ ಹಿತ್ತಾಳೆಯಲ್ಲಿ ಕರಗಿ ಬೆರೆತಿರುವುದಿಲ್ಲ. ಸೂಕ್ಷ್ಮ ಗುಂಡುಗಳಾಗಿ ಚದುರಿಕೊಂಡಿರುತ್ತದೆ, ಉಳಿ ಹಾಯ್ದಾಗ ಕಡೆದ ಮುಖದ ಮೇಲೆಲ್ಲ ತೆಳುವಾಗಿ ಬಳಿದುಕೊಳ್ಳುತ್ತದೆ. ಅಂದರೆ ಲೋಹದ ಒಳಗಿಗಿಂತ ಹೊಳೆಯುವ ಮೇಲ್ಮೈಯಲ್ಲೇ ಸೀಸದ ಪಾಲು ಹೆಚ್ಚು. ನಿಕೋಟಿನ್ ಲವಣದ ದ್ರವಗಳಲ್ಲಿ ಬೆಂಜೋಯಿಕ್ ಆಮ್ಲದಂಥ ಆಮ್ಲ ಇರುವುದರಿಂದ ಅವು ಇಂಥ ಮೇಲ್ಮೈಯನ್ನು ಇನ್ನೂ ಸುಲಭವಾಗಿ ತೊಳೆದು ತರುತ್ತವೆ. ಇದು ಬರಿಯ ಊಹೆಯ ಭಯವಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಟಲಿಯ ದ್ರವದಲ್ಲಿದ್ದುದಕ್ಕಿಂತ ಹೆಚ್ಚು ಸೀಸ, ನಿಕಲ್, ಕ್ರೋಮಿಯಂ ಸಾಧನದಿಂದ ಹೊರಬಂದ ಆವಿಯಲ್ಲಿ ಕಂಡುಬಂದವು. ಅದಕ್ಕೂ ಮೊದಲು, 2013ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಸಂಶೋಧಕರು ಆವಿಯಲ್ಲಿ ತವರದ ಕಣಗಳನ್ನು ಗುರುತಿಸಿ ಅವುಗಳ ಮೂಲ ಬೆಸುಗೆಯ ಜಾಗ ಎಂದು ತೋರಿಸಿದ್ದರು.

ಆದ್ದರಿಂದ ಕಾಯಿಲ್ ಕೂರುವ ತಟ್ಟೆ, ಕಂಬಗಳು, ದ್ರವದ ತೊಟ್ಟಿ, ಆವಿಯ ದಾರಿ ಇವೆಲ್ಲ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನವೇ ಆಗಲಿ. ಅದರಲ್ಲಿರುವ ಶೇಕಡ 2ರಿಂದ 3 ಮಾಲಿಬ್ಡಿನಂ ತುಕ್ಕಿನ ಸವೆತದ ವಿರುದ್ಧ ಸಾಮಾನ್ಯ 304 ದರ್ಜೆಯ ಸ್ಟೀಲ್‌ಗಿಲ್ಲದ ಬಲವನ್ನು ಕೊಡುತ್ತದೆ. ಕಾಯಿಲ್ ಕಾಲುಗಳನ್ನು ತಿರುಪಿನಿಂದ ಬಿಗಿಮಾಡಿ, ಆವಿಯ ದಾರಿಯಲ್ಲಿ ಬೆಸುಗೆಯನ್ನು ಬಳಸಲೇಬೇಡಿ. ಅಲ್ಲಿ ಹಿತ್ತಾಳೆಯ ಪಿನ್ ಅನಿವಾರ್ಯವಾದರೆ ಸೀಸರಹಿತ ಹಿತ್ತಾಳೆ ಅಥವಾ ಟೆಲುರಿಯಂ ತಾಮ್ರ ಆರಿಸಿ, ಮೇಲೆ ದಪ್ಪ ಚಿನ್ನ ಹಾಕಿಸಿ. ಲೇಪನ ಸವೆದ ಪಿನ್ನನ್ನು ಎಮರಿ ಕಾಗದದಿಂದ ತಿಕ್ಕಿ ಹೊಳಪು ತರಲು ಹೋಗಬೇಡಿ, ಬದಲಿಸಿಬಿಡಿ. ಬೆರಿಲಿಯಂ ತಾಮ್ರದ ಭಾಗಗಳನ್ನಂತೂ ಎಂದೂ ಉಜ್ಜಬೇಡಿ, ಕಡೆಯಬೇಡಿ: ಗಟ್ಟಿಯಾಗಿರುವಾಗ ಅದು ನಿರಪಾಯಕಾರಿ, ಆದರೆ ಅದರ ಧೂಳು ಉಸಿರಿಗೆ ಹೋದರೆ ಗುಣವಾಗದ ಶ್ವಾಸಕೋಶದ ಕಾಯಿಲೆ ತರಬಲ್ಲದು. ಪಿನ್ನಿನ ಸುತ್ತಲಿನ ನಿರೋಧಕಕ್ಕೆ 343 ಡಿಗ್ರಿಯವರೆಗೆ ಕರಗದ ಪೀಕ್ ಪ್ಲಾಸ್ಟಿಕ್ ಬಳಸಿ. 175 ಡಿಗ್ರಿಗೇ ಕರಗುವ ಡೆಲ್ರಿನ್ ಪ್ಲಾಸ್ಟಿಕ್ ತಳದ ಗುಂಡಿಗೆ ಸಾಕು, ಕಾಯಿಲ್ ಪಕ್ಕಕ್ಕೆ ಸಾಲದು.

ಕಾಯಿಲ್ ತಂತಿಯ ಬಗ್ಗೆ ನೀವು ಕೇಳಿಲ್ಲವಾದರೂ ಎರಡು ಮಾತು. ಕಾಂಥಾಲ್ ಎಂದು ಹೆಸರಾದ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ತಂತಿಯ ರೋಧಶೀಲತೆ 145 ಮೈಕ್ರೋಓಮ್-ಸೆಂಟಿಮೀಟರ್, ನಿಕಲ್-ಕ್ರೋಮಿಯಂ ಬೆರೆತ ನೈಕ್ರೋಮ್‌ನದ್ದು 109ರಷ್ಟು. ಸರ್ಕ್ಯೂಟ್ ಇಲ್ಲದ ಸಾಧನಕ್ಕೆ ಕಾಂಥಾಲ್ ಸಾಕು, ಅದರಲ್ಲಿ ನಿಕಲ್ ಇಲ್ಲ ಎಂಬುದೂ ಒಂದು ಅನುಕೂಲ. ಟೈಟಾನಿಯಂ ತಂತಿಯನ್ನು ದ್ರವ ಹೀರುವ ಬತ್ತಿಯಿಲ್ಲದೆ ಕೆಂಪಗೆ ಕಾಯಿಸಬಾರದು, ಮೇಲೆ ಬಿಳಿ ಆಕ್ಸೈಡ್ ಕಟ್ಟಿ ಉದುರುತ್ತದೆ. ಮುಂದೆ ಉಷ್ಣತೆ ನಿಯಂತ್ರಿಸುವ ಸರ್ಕ್ಯೂಟ್ ಹಾಕುವ ಮನಸ್ಸಿದ್ದರೆ ಸಂಪರ್ಕದ ಮಾತು ಇನ್ನೂ ಮುಖ್ಯವಾಗುತ್ತದೆ. ಆ ಸರ್ಕ್ಯೂಟ್ ತಂತಿಯ ರೋಧ ಏರುವುದನ್ನು ನೋಡಿ ಉಷ್ಣತೆಯನ್ನು ಊಹಿಸುತ್ತದೆ. 316 ಸ್ಟೀಲ್ ತಂತಿಯ ರೋಧ ಪ್ರತಿ ಡಿಗ್ರಿಗೆ ಶೇಕಡ 0.09ರಷ್ಟು ಮಾತ್ರ ಏರುತ್ತದೆ; 0.2 ಓಮ್ ಕಾಯಿಲ್‌ನ ಜೊತೆ ಯಾವುದೋ ಸಡಿಲ ಥ್ರೆಡ್‌ನಲ್ಲಿ 5 ಮಿಲಿಓಮ್ ಆಚೀಚೆಯಾದರೆ ಸರ್ಕ್ಯೂಟ್‌ನ ಅಂದಾಜು 25 ಡಿಗ್ರಿಗೂ ಹೆಚ್ಚು ತಪ್ಪುತ್ತದೆ.

ಎರಡನೆಯ ಮಾದರಿ ಕಡೆಯುವ ಮೊದಲು ಈಗಿರುವುದನ್ನೇ ಅಳೆದು ನೋಡಿ. ಸಾಮಾನ್ಯ ಮೀಟರ್‌ನ ಓಮ್ ಅಳತೆ ಇದಕ್ಕೆ ಒದಗುವುದಿಲ್ಲ, ಅದರ ತಂತಿಗಳ ರೋಧವೇ ನೀವು ಹುಡುಕುತ್ತಿರುವುದಕ್ಕಿಂತ ಹೆಚ್ಚು. ಬ್ಯಾಟರಿಯನ್ನು ಹೊರಗಿಟ್ಟು ಅದೇ ಅಳತೆಯ ತಾಮ್ರದ ಗಟ್ಟಿ ಕಂಬಿಯೊಂದನ್ನು ಕಡೆದು ಕೊಳವೆಯೊಳಗೆ ಹಾಕಿ. ಕರೆಂಟಿಗೆ ಮಿತಿ ಹಾಕಬಲ್ಲ ಪವರ್ ಸಪ್ಲೈಯ ಒಂದು ತಂತಿಯನ್ನು 510 ಪಿನ್‌ಗೆ, ಇನ್ನೊಂದನ್ನು ಅದರ ಹೊರಸುತ್ತಿಗೆ ಜೋಡಿಸಿ, ಮಿತಿಯನ್ನು 10 ಆಂಪಿಯರ್‌ಗೆ ಇಟ್ಟು ಗುಂಡಿ ಒತ್ತಿ. ಈಗ ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ, ಮೊದಲು ಪಿನ್ ಮತ್ತು ಹೊರಸುತ್ತಿನ ನಡುವೆ ಒಟ್ಟು ಅಳತೆ ನೋಡಿ, ಆಮೇಲೆ ಗುಂಡಿಯ ತಲೆಯಿಂದ ತಳದ ಮುಚ್ಚಳಕ್ಕೆ, ಮುಚ್ಚಳದಿಂದ ಕೊಳವೆಗೆ, ಕೊಳವೆಯಿಂದ ಮೇಲಿನ ಮುಚ್ಚಳಕ್ಕೆ ಒಂದೊಂದಾಗಿ ಇಟ್ಟು ನೋಡಿ. ಒಟ್ಟಿನಲ್ಲಿ ಇವನ್ನೆಲ್ಲ ಕಳೆದು ಉಳಿದದ್ದು ಕಂಬಿಯ ಎರಡು ತುದಿಗಳ ಸಂಪರ್ಕದ ಪಾಲು. ಪ್ರತಿ 1 ಮಿಲಿವೋಲ್ಟ್ ಎಂದರೆ 0.1 ಮಿಲಿಓಮ್. ಒಟ್ಟು 50 ಮಿಲಿವೋಲ್ಟ್‌ನೊಳಗೆ ಬಂದರೆ ಆ ಸಾಧನವನ್ನು ನಾನು ಒಪ್ಪುತ್ತೇನೆ. ನಿಮ್ಮದರಲ್ಲಿ ಗುಂಡಿಯ ತಲೆಯಿಂದ ಮುಚ್ಚಳಕ್ಕೆ ಇಟ್ಟಾಗ ಮೀಟರ್ ನೂರಾರು ಮಿಲಿವೋಲ್ಟ್ ಅಥವಾ ಅದಕ್ಕೂ ಹೆಚ್ಚು ತೋರಿಸಿದರೆ, ಕೂಡಲೇ ಕರೆಂಟ್ ನಿಲ್ಲಿಸಿ, ಮೊದಲು ಆ ಸ್ಪ್ರಿಂಗಿನ ದಾರಿಯನ್ನು ಬದಲಿಸಿ. ಕೊಳವೆಗೆ ಕೈ ಹಾಕುವುದು ಆಮೇಲೆ.